ಪೀಟ್‌ನ ಕಣ್ಣಿನ ಬಳೆ

ಸಿನಿಮಾವನ್ನು ಮಧ್ಯೆ ಮಧ್ಯೆ ನಿಲ್ಲಿಸಿ ನೋಡುವವರನ್ನು ಕಂಡರೆ ನನಗಾಗುವುದಿಲ್ಲ. ತಂಗಿಯ ಮಗ ಆ ಜಾತಿಯವನು. ರಜೆಗೆ ಬಂದಿದ್ದಾನೆ, ಏನಾದರೂ ಒಳ್ಳೆಯದು ತೋರಿಸೋಣ ಎಂದು ಪೋಕರಿ ಮಕ್ಕಳ ಗುಂಪೊಂದರ ಅಮೆರಿಕದ ಹಾಸ್ಯ ಸರಣಿ ‘ಅವರ್ ಗ್ಯಾಂಗ್’ನ ಹಳೆಯ ಚಿತ್ರಗಳನ್ನು ಹಾಕಿಕೊಟ್ಟೆ. ಒಂದೊಂದೂ ಸುಮಾರು ಇಪ್ಪತ್ತು ನಿಮಿಷಕ್ಕೇ ಮುಗಿಯುವಂಥವು. ಅವನು ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಹೋದ. ಅಲ್ಲಿಂದ ವಾಪಸ್ ಬಂದ. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, “ದೊಡ್ಡಮ್ಮಾ, ಈ ನಾಯಿಗೆ ಆಗ ಬಲಗಣ್ಣಿನ ಸುತ್ತ ಬಳೆ ಇತ್ತು. ಈಗ ಎಡಗಣ್ಣಿಗಿದೆ. ಮಿಸ್ಟೇಕು” ಎಂದ.

“ಸುಮ್ನೆ ನೋಡೋ” ಎಂದೆ.

“ಅಲ್ಲ, ಮಿಸ್ಟೇಕೇ ಇದು.”

ಈಗಿನ ಮಕ್ಕಳಿಗೆ ಇದನ್ನು ಯಾರು ಹೇಳಿಕೊಟ್ಟರೋ! ನಗುವ ಬದಲು ತಪ್ಪು ಹುಡುಕುವುದು. ನಾಯಿ ಏನು ಮಾಡುತ್ತಿದೆ ಎಂದು ನೋಡುವ ಬದಲು ನಾಯಿಯ ಮುಖಕ್ಕೆ ಮಾರ್ಕ್ಸ್ ಹಾಕುವುದು. ಕೋಪ ಬಂತು. ಆದರೆ ಹುಡುಗ ಹೇಳಿದ್ದು ಸರಿಯಾಗಿತ್ತು ಎನ್ನುವುದು ಇನ್ನೂ ಸಿಟ್ಟಿನ ವಿಷಯ. ಬಳೆ ನಿಜವಾಗಿಯೂ ಜಾಗ ಬದಲಾಯಿಸಿದೆ.

ಯಾಕೆಂದರೆ ಗ್ಯಾಂಗಿನ ನಾಯಿ ಪೀಟ್‌ನ ಪಾತ್ರ ಮಾಡಿದ ಅವು ಎರಡು ಬೇರೆ ನಾಯಿಗಳು. ಮೊದಲಿನದು ಪ್ಯಾಲ್. ಈ ಗ್ಯಾಂಗಿಗೆ ಸೇರುವ ಮೊದಲೇ ‘ಬಸ್ಟರ್ ಬ್ರೌನ್’ ಎಂಬ ಇನ್ನೊಂದು ಸಾಲಿನ ಚಿತ್ರಗಳಲ್ಲಿ ಟೈಗ್ ಎಂಬ ನಾಯಿಯಾಗಿ ಹೆಸರು ಮಾಡಿತ್ತು. ಅದಕ್ಕೆ ಬಲಗಣ್ಣಿನ ಸುತ್ತ ಹುಟ್ಟಿನಿಂದಲೇ ಕಪ್ಪು ಗೆರೆ. ಆದರೆ ಗೆರೆ ಪೂರ್ತಿ ಸುತ್ತಿರಲಿಲ್ಲ, ಸ್ವಲ್ಪ ಬಾಕಿ ಉಳಿದಿತ್ತು. ದೇವರು ಬಿಟ್ಟದ್ದನ್ನು ಮೇಕಪ್ಪಿನವರು ಮುಗಿಸಿದರು. ಅದರ ಕೀರ್ತಿ ಮ್ಯಾಕ್ಸ್ ಫ್ಯಾಕ್ಟರ್‌ಗೆ ಸಲ್ಲುತ್ತದೆ ಎನ್ನುತ್ತಾರೆ. ಹೌದು, ಲಿಪ್‌ಸ್ಟಿಕ್ ಮೇಲೆ ಇರುವ ಅದೇ ಹೆಸರು. 1930ರಲ್ಲಿ ಪ್ಯಾಲ್ ಸತ್ತಿತು. ಯಾರೋ ವಿಷ ಹಾಕಿದರು ಎಂಬ ಮಾತಿದೆ. ಅದರ ಮರಿ ಪೀಟರ್ ಆ ಜಾಗಕ್ಕೆ ಬಂತು. ಅದಕ್ಕೆ ಬಳೆ ಬರೆಯುವಾಗ ಎಡಗಣ್ಣಿಗೆ ಬರೆದರು. ಎರಡಕ್ಕೂ ಒಬ್ಬನೇ ಒಡೆಯ, ಹ್ಯಾರಿ ಲೂಸನೇ. ತರಬೇತಿ ಕೊಟ್ಟವನೂ ಅವನೇ. ದಿನಾ ಅಪ್ಪನ ಮುಖ ನೋಡಿದ್ದವನಿಗೆ ಮಗನ ಯಾವ ಕಣ್ಣಿಗೆ ಬಳೆ ಬರೆಯಬೇಕು ಅಂತ ಗೊತ್ತಿರಲಿಲ್ವಾ? ಬಣ್ಣದ ಡಬ್ಬಿ ಕೈಯಲ್ಲಿದೆ, ನಾಯಿ ಮುಂದೆ ಕೂತಿದೆ, ಯಾವ ಕಣ್ಣಾದರೇನು ಅನ್ನಿಸಿರಬೇಕು. 1932ರಲ್ಲಿ ಲೂಸನೇಯನ್ನು ಕೆಲಸದಿಂದ ತೆಗೆದರು. ಆಮೇಲೆ ಬಂದವು ಬೇರೆ ಬೇರೆ ನಾಯಿಗಳು. ಪೀಟರ್ ಮಾತ್ರ ಒಡೆಯನ ಜೊತೆ ಅಟ್ಲಾಂಟಿಕ್ ಸಿಟಿಗೆ ಹೋಗಿ, ಅಲ್ಲಿ ಸಮುದ್ರಕ್ಕೆ ಚಾಚಿಕೊಂಡ ಮನರಂಜನೆಯ ಜಾಗ ಸ್ಟೀಲ್ ಪಿಯರ್‌ಗೆ ಬರುವ ಮಕ್ಕಳ ಜೊತೆ ಫೋಟೋಗೆ ಕೂರುವ ಉದ್ಯೋಗ ಹಿಡಿಯಿತು. 1946ರವರೆಗೆ ಬದುಕಿತ್ತು.

ಇಷ್ಟನ್ನೂ ಹುಡುಗನಿಗೆ ಹೇಳಿದೆ. “ಹಾಗಾದ್ರೆ ಮೇಕಪ್ಪಿನವರ ಮಿಸ್ಟೇಕು” ಎಂದ.

ಹೋಗಲಿ. ನಾನು ಹೇಳಬೇಕೆಂದಿದ್ದು ಬಳೆಯ ವಿಷಯವಲ್ಲ. ಪೋಕರಿ ಮಕ್ಕಳ ಚಿತ್ರಕ್ಕೆ ಒಂದು ನಾಯಿ ಬೇಕೇಬೇಕು, ಯಾಕೆ ಎನ್ನುವುದರ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದನ್ನು ಹೇಳುವ ಮೊದಲು ಹಾಲ್ ರೋಚ್‌ನ ಕಿಟಕಿಯ ವಿಷಯ ಹೇಳಿಬಿಡುತ್ತೇನೆ.

ರೋಚ್ ಈ ಚಿತ್ರಗಳ ನಿರ್ಮಾಪಕ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ. ಹಾಸ್ಯ ಜೋಡಿ ಲಾರೆಲ್ ಮತ್ತು ಹಾರ್ಡಿಯ ಚಿತ್ರಗಳೂ ಅಲ್ಲಿಯವೇ. ಒಂದು ದಿನ ಯಾರೋ ಒಬ್ಬ ಹುಡುಗಿಯನ್ನು ನಟನೆಗೆಂದು ಕರೆತಂದರಂತೆ. ಮುಖಕ್ಕೆ ಮೆತ್ತಿದ ಬಣ್ಣ, ಬಾಯಿಪಾಠ ಮಾಡಿಸಿದ ಮಾತು, ಕಲಿಸಿಕೊಟ್ಟ ಕೈಸನ್ನೆ. ಅವಳನ್ನು ಹೇಗೋ ಸಾಗಹಾಕಿ ಕಿಟಕಿಯ ಹತ್ತಿರ ಬಂದರೆ, ಎದುರಿನ ಮರದ ಅಡ್ಡೆಯಲ್ಲಿ ಮಕ್ಕಳು ಕೋಲಿಗಾಗಿ ಜಗಳವಾಡುತ್ತಿದ್ದರು. ಎಲ್ಲರಿಗಿಂತ ಚಿಕ್ಕವನು ಎಲ್ಲಕ್ಕಿಂತ ದೊಡ್ಡ ಕೋಲು ಹಿಡಿದಿದ್ದ. ಎಲ್ಲರಿಗಿಂತ ದೊಡ್ಡವನಿಗೆ ಅದೇ ಬೇಕು. ಆ ಕೋಲುಗಳನ್ನು ಅವರು ಹೇಗೂ ರಸ್ತೆಯ ಆಚೆ ಬದಿಗೆ ಎಸೆದು ಹೋಗುವವರೇ. ರೋಚ್ ಕಾಲು ಗಂಟೆ ಅದನ್ನೇ ನೋಡುತ್ತಾ ನಿಂತ. ನಾನೇ ಇಷ್ಟು ಹೊತ್ತು ನಿಂತು ನೋಡಿದೆ ಅಂದ ಮೇಲೆ ಜನವೂ ನೋಡುತ್ತಾರೆ ಅನ್ನಿಸಿತಂತೆ. ಅವನು ಜೀವನಪೂರ್ತಿ ಹೇಳಿಕೊಂಡು ಬಂದ ಕಥೆ ಇದು. ನೂರು ವರ್ಷ ಬದುಕಿದ್ದರಿಂದ ಹೇಳಲು ಸಮಯವೂ ಬೇಕಾದಷ್ಟಿತ್ತು. 1922ರಲ್ಲಿ ಶುರುವಾದ ಸರಣಿ 1944ರವರೆಗೆ ನಡೆಯಿತು. ಒಟ್ಟು 220 ಚಿತ್ರಗಳು.

ಈಗ ನಮ್ಮ ಟಿವಿ ಹಾಕಿ. ಬಣ್ಣ ಮೆತ್ತಿ ಬಾಯಿಪಾಠ ಮಾಡಿಸಿದ ಆ ಹುಡುಗಿಯನ್ನು ಸಾಗಹಾಕಿದವನು ರೋಚ್. ನಾವು ಅವಳನ್ನೇ ವೇದಿಕೆಗೆ ಹತ್ತಿಸಿದ್ದೇವೆ. ಐದು ವರ್ಷದ ಮಗು ಸೊಸೆಯ ಕಾಟ ತಾಳದ ಅತ್ತೆಯಾಗಿ ಅಳುತ್ತದೆ. ಜಡ್ಜುಗಳು ಎದ್ದು ನಿಂತು ಕಣ್ಣು ಒರೆಸಿಕೊಳ್ಳುತ್ತಾರೆ. ಕ್ಯಾಮೆರಾ ಹೋಗಿ ಆ ಮಗುವಿನ ತಾಯಿಯ ಮುಖ ಹಿಡಿಯುತ್ತದೆ. ಅವಳು ತುಟಿ ಅಲ್ಲಾಡಿಸುತ್ತಾ ಮಗುವಿನ ಡೈಲಾಗನ್ನೆಲ್ಲ ಒಳಗೇ ಹೇಳುತ್ತಿರುತ್ತಾಳೆ. ನನಗಂತೂ ರಿಮೋಟ್ ಎಸೆಯಬೇಕು ಅನ್ನಿಸುತ್ತದೆ. ಮಗುವಿನ ಮೇಲೆ ಅಲ್ಲ.

ಮಕ್ಕಳ ಅಳು ಎಂದಾಗ ಜಾಕಿ ಕೂಪರ್ ನೆನಪಾಗದೇ ಇರುವುದಿಲ್ಲ. ಆ ಹುಡುಗನ ಕಥೆ ಹೇಳದಿದ್ದರೆ ನನ್ನ ಹೊಟ್ಟೆ ಕುದಿಯುವುದು ನಿಲ್ಲುವುದಿಲ್ಲ. ಸಿದ್ಧಾಂತ ಸ್ವಲ್ಪ ಕಾಯಲಿ.

ಜಾಕಿ 1929ರಲ್ಲಿ ಗ್ಯಾಂಗಿಗೆ ಸೇರಿದ. ಚಪ್ಪಟೆ ಮೂಗು, ಮುಂದೆ ಬಂದ ಕೆಳತುಟಿ. ಟೀಚರ್ ಮಿಸ್ ಕ್ರ್ಯಾಬ್‌ಟ್ರೀಯನ್ನು ಕಂಡರೆ ಕರಗಿಹೋಗುವ ಹುಡುಗನ ಪಾತ್ರ. ಅವನನ್ನು ಪ್ಯಾರಾಮೌಂಟ್‌ನವರು ‘ಸ್ಕಿಪ್ಪಿ’ ಎಂಬ ದೊಡ್ಡ ಚಿತ್ರಕ್ಕೆ ಎರವಲು ಪಡೆದರು. 1931ರಲ್ಲಿ ಬಂದ ಚಿತ್ರ. ಕಥೆಯಲ್ಲಿ ಒಬ್ಬ ಬಡ ಗೆಳೆಯ, ಅವನಿಗೊಂದು ನಾಯಿ. ನಾಯಿ ಹಿಡಿಯುವವನು ಅದನ್ನು ಎಳೆದೊಯ್ಯುತ್ತಾನೆ. ಬಿಡಿಸಿಕೊಳ್ಳಲು ಲೈಸೆನ್ಸಿಗೆ ಮೂರು ಡಾಲರ್ ಬೇಕು. ಹುಡುಗರಿಬ್ಬರೂ ಹಣಕ್ಕೆ ಓಡಾಡುತ್ತಾರೆ. ನಾಯಿ ಉಳಿಯುವುದಿಲ್ಲ. ಇಂಥ ಕಥೆಯಲ್ಲಿ ಅಳು ಬೇಕೇ ಬೇಕಲ್ಲ.

ನಿರ್ದೇಶಕ ನಾರ್ಮನ್ ಟೌರೋಗ್. ಬೇರೆ ಯಾರೂ ಅಲ್ಲ, ಜಾಕಿಯ ತಾಯಿಯ ಸೋದರಿಯನ್ನು ಮದುವೆಯಾದವನು. ನಮ್ಮಲ್ಲಾದರೆ ದೊಡ್ಡಪ್ಪ, ಚಿಕ್ಕಪ್ಪ ಎಂದು ಕರೆಯುವ ಸಾಲಿನ ಮನುಷ್ಯ. ಹುಡುಗನಿಗೆ ಅಳು ಬರಲಿಲ್ಲ. ನಿನ್ನ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುತ್ತೇನೆ ಎಂದ ಈ ದೊಡ್ಡ ಮನುಷ್ಯ. ಜಾಕಿಯ ಸ್ವಂತ ನಾಯಿ ಅಲ್ಲೇ ಇತ್ತು. ಅದನ್ನು ಸೆಟ್ಟಿನ ಹಿಂದಕ್ಕೆ ಒಯ್ದರು. ಗುಂಡಿನ ಸದ್ದು ಕೇಳಿಸಿತು. ಹುಡುಗ ಅತ್ತ. ಕ್ಯಾಮೆರಾ ತಿರುಗಿತು. ಬೇಕಾದ ಶಾಟ್ ಸಿಕ್ಕಿತು. ಆಮೇಲೆ ನೋಡಿದರೆ ನಾಯಿಗೆ ಏನೂ ಆಗಿರಲಿಲ್ಲ, ಎಲ್ಲಾ ನಾಟಕ.

ಟೌರೋಗ್‌ಗೆ ಆ ವರ್ಷದ ನಿರ್ದೇಶನದ ಆಸ್ಕರ್ ಬಂತು. ಆಗ ಅವನಿಗೆ 32 ವರ್ಷ. ಅಷ್ಟು ಸಣ್ಣ ವಯಸ್ಸಿಗೆ ಆ ಪ್ರಶಸ್ತಿ 2017ರವರೆಗೆ ಇನ್ನಾರಿಗೂ ಸಿಗಲಿಲ್ಲ. ಒಂಬತ್ತು ವರ್ಷದ ಜಾಕಿಯ ಹೆಸರು ಶ್ರೇಷ್ಠ ನಟನ ಪಟ್ಟಿಯಲ್ಲಿತ್ತು. ಸಮಾರಂಭದ ರಾತ್ರಿ ಭಾಷಣಗಳು ಮುಗಿಯಲೇ ಇಲ್ಲ. ಹುಡುಗ ಪಕ್ಕದಲ್ಲಿ ಕೂತಿದ್ದ ನಟಿ ಮೇರಿ ಡ್ರೆಸ್ಲರ್‌ಗೆ ಒರಗಿ ನಿದ್ದೆ ಹೋದ. ಅವಳ ಹೆಸರನ್ನು ಶ್ರೇಷ್ಠ ನಟಿ ಎಂದು ಕೂಗಿದಾಗ, ಪಾಪ, ಅವನನ್ನು ಮೆಲ್ಲಗೆ ಅವನ ತಾಯಿಯ ಮಡಿಲಿಗೆ ದಾಟಿಸಿ ಎದ್ದು ಹೋಗಬೇಕಾಯಿತು. ಆ ರಾತ್ರಿ ಅಲ್ಲಿದ್ದವರಲ್ಲಿ ಸರಿಯಾದ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ.

ಐವತ್ತು ವರ್ಷ ಕಳೆದು, 1981ರಲ್ಲಿ, ಕೂಪರ್ ಆತ್ಮಕಥೆ ಬರೆದ. ಅಷ್ಟು ಹೊತ್ತಿಗೆ ನೌಕಾಪಡೆಯಲ್ಲಿದ್ದು ಬಂದಿದ್ದ, ಟಿವಿ ಧಾರಾವಾಹಿಗಳನ್ನು ನಿರ್ದೇಶಿಸಿದ್ದ, ‘ಸೂಪರ್‌ಮ್ಯಾನ್’ ಚಿತ್ರದಲ್ಲಿ ಪತ್ರಿಕೆಯ ಸಂಪಾದಕನಾಗಿದ್ದ. ಹೇಳಿಕೊಳ್ಳಲು ಬೇಕಾದಷ್ಟಿತ್ತು. ಪುಸ್ತಕಕ್ಕೆ ಅವನು ಇಟ್ಟ ಹೆಸರು ‘ಪ್ಲೀಸ್ ಡೋಂಟ್ ಶೂಟ್ ಮೈ ಡಾಗ್’.

ನಾನೂ ಒಬ್ಬ ಹುಡುಗನಿಗೆ ದೊಡ್ಡಮ್ಮ. ಅವನು ಎಷ್ಟು ಸಲ ಸಿನಿಮಾ ನಿಲ್ಲಿಸಿದರೂ ಬೈದೇನು, ಇಂಥ ಕೆಲಸ ಮಾಡಿಯೇನೇ? ಟೌರೋಗ್ ಆಮೇಲೆ ಎಷ್ಟು ಚಿತ್ರ ಮಾಡಿದನೋ, ಎಷ್ಟು ಒಳ್ಳೆಯವನಾಗಿದ್ದನೋ, ನನಗೆ ಬೇಡ. ಅವನ ಹೆಸರು ತೆರೆಯ ಮೇಲೆ ಬಂದರೆ ನಾನು ಎದ್ದು ಹೋಗಿ ಪಾತ್ರೆ ತೊಳೆಯುತ್ತೇನೆ.

ವಿಚಿತ್ರ ನೋಡಿ. ‘ಸ್ಕಿಪ್ಪಿ’ ಬಂದ ಮರುವರ್ಷ, 1932ರಲ್ಲಿ, ಅವರ್ ಗ್ಯಾಂಗಿನವರು ‘ದ ಪೂಚ್’ ಮಾಡಿದರು. ಅದರಲ್ಲೂ ನಾಯಿ ಹಿಡಿಯುವವನು. ಅದರಲ್ಲೂ ದುಡ್ಡಿಗಾಗಿ ಓಡಾಟ. ರೇಟು ಮಾತ್ರ ಐದು ಡಾಲರಿಗೆ ಏರಿದೆ. ಓಡಾಡುವವನು ಗ್ಯಾಂಗಿನ ಕರಿಯ ಹುಡುಗ ಸ್ಟೈಮಿ. ಬೋಳು ತಲೆ, ಅದರ ಮೇಲೆ ಅಳತೆ ಮೀರಿದ ದುಂಡು ಹ್ಯಾಟು. ಅದು ಸ್ಟಾನ್ ಲಾರೆಲ್ ಕೊಟ್ಟಿದ್ದು. ಮೂರು ಡಾಲರಿನ ನಾಯಿ ಸತ್ತು ಆಸ್ಕರ್ ತಂದಿತು. ಐದು ಡಾಲರಿನ ನಾಯಿ ಬದುಕಿ ಉಳಿದು ಏನೂ ತರಲಿಲ್ಲ. ಸ್ಟೈಮಿ ಅಳಲೂ ಇಲ್ಲ. ಸಾಲದ ಚಿಂತೆಯಲ್ಲಿರುವ ಸಂಸಾರಸ್ಥನಂತೆ ಮುಖ ಮಾಡಿಕೊಂಡು ಬೀದಿ ಬೀದಿ ಅಲೆಯುತ್ತಾನೆ. ಅಷ್ಟೇ ಸಾಕು.

ಸ್ಟೈಮಿಯ ಬಗ್ಗೆ ಬರೆದ ಮೇಲೆ ಇದನ್ನೂ ಹೇಳಬೇಕು. 1920ರ ದಶಕದ ಅಮೆರಿಕದಲ್ಲಿ ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಗುಂಪಿನಲ್ಲಿ ಹೊಡೆದಾಡಿಕೊಂಡು, ಹಂಚಿಕೊಂಡು ತಿಂದು ಆಡುವುದನ್ನು ತೋರಿಸಿದ್ದು ಸಣ್ಣ ಮಾತಲ್ಲ. ಹಾಗೆಂದು ಫರೀನಾ, ಬಕ್‌ವೀಟ್ ಎಂದು ಆ ಮಕ್ಕಳಿಗೆ ಧಾನ್ಯದ ಡಬ್ಬದಿಂದ ಹೆಸರು ತೆಗೆದಿಟ್ಟಿದ್ದೂ, ಅವರ ಬಣ್ಣವನ್ನೇ ಹಾಸ್ಯ ಮಾಡಿಕೊಂಡಿದ್ದೂ ಅದೇ ಚಿತ್ರಗಳಲ್ಲಿದೆ. 1971ರಲ್ಲಿ ಟಿವಿಯವರು ಅಂಥ ಭಾಗಗಳಿಗೆ ಕತ್ತರಿ ಹಾಕಿದರು. ಕೆಲವು ಜೋಕುಗಳನ್ನು ನಾನೂ ಹುಡುಗನ ಮುಂದೆ ಬೇಗ ಓಡಿಸಿದೆ. ಅವನು ಬಿಡುತ್ತಾನೆಯೇ, ಹಿಂದೆ ತಂದು ನೋಡಿದ.

ಸರಿ, ಸಿದ್ಧಾಂತ. ಮಕ್ಕಳ ಚಿತ್ರದಲ್ಲಿ ನಾಯಿ ಇರಬೇಕಾದದ್ದು ಯಾಕೆಂದರೆ, ನಾಯಿಗೆ ಬಾಯಿಪಾಠ ಮಾಡಿಸಲು ಆಗುವುದಿಲ್ಲ ಎಂದು ಶುರುಮಾಡೋಣ ಎಂದುಕೊಂಡಿದ್ದೆ. ಆದರೆ 1927ರ ‘ಡಾಗ್ ಹೆವನ್’ ಅಡ್ಡ ಬರುತ್ತದೆ. ಅದರಲ್ಲಿ ಪೀಟ್ ದೊಡ್ಡ ನಟನೇ. ಒಡೆಯ ಒಬ್ಬಳು ಹುಡುಗಿಯ ಹಿಂದೆ ಬಿದ್ದು ತನ್ನನ್ನು ಮರೆತ ಎಂದು ಬೇಸತ್ತು, ಕೊರಳಿಗೆ ಹಗ್ಗ ಹಾಕಿಕೊಂಡು ಕೂತು, ಇನ್ನೊಂದು ನಾಯಿಗೆ ತನ್ನ ದುಃಖದ ಕಥೆ ಹೇಳುತ್ತದೆ. ಮಕ್ಕಳ ಹಾಸ್ಯ ಚಿತ್ರ ಸ್ವಾಮಿ ಇದು! ಸಿದ್ಧಾಂತವನ್ನು ಬೇರೆ ಕಡೆಯಿಂದ ಕಟ್ಟಬೇಕು.

1938ರಲ್ಲಿ ರೋಚ್ ಈ ಸರಣಿಯನ್ನು ಎಂಜಿಎಂಗೆ ಮಾರಿದ ಮೇಲೆ ಏನಾಯಿತು ನೋಡಿದರೆ ಹೊಳೆಯಬಹುದೇನೋ. ಎಂಜಿಎಂ ಶ್ರೀಮಂತ ಕಂಪನಿ. ಸೆಟ್ಟು ಚೆನ್ನಾಯಿತು, ಬೆಳಕು ಚೆನ್ನಾಯಿತು, ಮಕ್ಕಳ ತಲೆ ಬಾಚಿದರು. ಮಕ್ಕಳು ದೊಡ್ಡವರಿಗೆ ಬುದ್ಧಿ ಹೇಳತೊಡಗಿದರು. ಯುದ್ಧ ಬಂದಾಗ ದೇಶಭಕ್ತಿಯ ಕಾರ್ಯಕ್ರಮ ನಡೆಸಿದರು. ಶಾಲೆಗೆ ಚಕ್ಕರ್ ಹೊಡೆಯಲು ಗ್ಯಾಂಗಿನ ಗೆಳೆಯ ಆಲ್ಫಾಲ್ಫಾನ ಕೆನ್ನೆಯೊಳಗೆ ಬಲೂನು ಊದಿಸಿ ಹಲ್ಲುನೋವಿನ ನಾಟಕ ಕಟ್ಟಿದ ಸ್ಪ್ಯಾಂಕಿ, ಸ್ಕೂಲ್ ಡೇ ದಿನ ಮೈಕ್ ಮುಂದೆ ನಿಲ್ಲಿಸಿದ ಮಾನಿಟರ್ ಆಗಿಬಿಟ್ಟ. ಅಂಥ 52 ಚಿತ್ರಗಳಿವೆ. ನೋಡಲೇಬೇಕು ಅನ್ನುವವರು ನೋಡಿಕೊಳ್ಳಿ, ನನ್ನನ್ನು ಕರೆಯಬೇಡಿ.

ನೋಡುವುದಾದರೆ ‘ಪಪ್ಸ್ ಈಸ್ ಪಪ್ಸ್’ ನೋಡಿ. 1930ರದು. ಅಮೆರಿಕದ ಸರ್ಕಾರ 2004ರಲ್ಲಿ ಅದನ್ನು ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿದೆ. ವೀಜರ್ ಎಂಬ ಪುಟಾಣಿ ತನ್ನ ನಾಯಿಮರಿಗಳಿಗೆ ಗಂಟೆ ಬಾರಿಸಿದರೆ ಓಡಿ ಬರುವುದನ್ನು ಕಲಿಸಿದ್ದಾನೆ. ಚೆನ್ನಾಗಿಯೇ ಕಲಿಸಿದ್ದಾನೆ. ಆದರೆ ಊರಿನಲ್ಲಿ ಗಂಟೆ ಒಂದೇ ಇರುತ್ತದೆಯೇ? ಎಲ್ಲಿ ಯಾರು ಬಾರಿಸಿದರೂ ಮರಿಗಳು ಅತ್ತ ಓಡುತ್ತವೆ. ವೀಜರ್ ಹಿಂದೆ ಓಡುತ್ತಾನೆ. ಯಾರೂ ಅವನಿಗೆ ಅಳು ಎಂದು ಹೇಳಿಕೊಟ್ಟಂತೆ ಕಾಣುವುದಿಲ್ಲ, ಆದರೂ ಅವನ ಮುಖ ನೋಡಲಾಗುವುದಿಲ್ಲ.

ಅದೇ ಚಿತ್ರದಲ್ಲಿ ಡೊರೊಥಿ ಇದ್ದಾಳೆ. ಅವಳಿಗೆ ನಾಯಿಯೂ ಬೇಡ, ಗಂಟೆಯೂ ಬೇಡ. ಅಮ್ಮ ಒಗೆದ ಬಿಳಿ ಫ್ರಾಕು ಹಾಕಿ ಹೊರಗೆ ಬಿಡುತ್ತಾಳೆ. ಮನೆ ಮುಂದೆ ಕೆಸರಿನ ಗುಂಡಿ. ಡೊರೊಥಿ ಹೋಗಿ ಅದರೊಳಗೆ ಬೀಳುತ್ತಾಳೆ. ಮತ್ತೆ ಸ್ನಾನ, ಮತ್ತೆ ಫ್ರಾಕು, ಮತ್ತೆ ಗುಂಡಿ. ಹುಡುಗ ಇಲ್ಲಿಯೂ ನಿಲ್ಲಿಸಿದ. ಮೊದಲ ಸಲ ಒದ್ದೆಯಾದ ಕೂದಲು ಎರಡನೇ ಸಲಕ್ಕೆ ಹೇಗೆ ಒಣಗಿತು ಎಂದು ಕೇಳುತ್ತಾನೆ ಅಂದುಕೊಂಡೆ. ಹಿಂದೆ ತಂದು ಇನ್ನೊಮ್ಮೆ ಬೀಳಿಸಿದ. ಮತ್ತೊಮ್ಮೆ ಬೀಳಿಸಿದ. ನಾನು ಒಲೆಯ ಮೇಲಿದ್ದ ಹಾಲು ಮರೆತು ಅಲ್ಲೇ ನಿಂತುಬಿಟ್ಟೆ.

ಒಂದು ಮಾತು. ಈ ಚಿತ್ರಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಬಳಿದ ಪ್ರತಿಗಳೂ ಸಿಗುತ್ತವೆ. ಅವುಗಳ ತಂಟೆಗೆ ಹೋಗಬೇಡಿ. ಕೆಸರಿಗೆ ಯಾರಾದರೂ ಬಣ್ಣ ಹಚ್ಚುತ್ತಾರಾ?