ಸೂಟ್‌ಕೇಸ್ ತೂಕ ಮಾಡುವ ಮೊದಲು

ಹೋದ ಶನಿವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹನ್ನೊಂದು ಸೂಟ್‌ಕೇಸ್ ಸಾಲಾಗಿ ನಿಂತಿದ್ದವು. ಒಂದೊಂದನ್ನೂ ಕೈತಕ್ಕಡಿಗೆ ಸಿಕ್ಕಿಸಿ ಎತ್ತುವುದು, ಅಂಕಿ ನೋಡುವುದು, ಉಸ್ಸಪ್ಪಾ ಅಂತ ಇಳಿಸುವುದು. 23 ಕಿಲೋ ದಾಟಿದರೆ ಮತ್ತೆ ಬಿಚ್ಚಬೇಕು. ಸುವಾರ್ತೆ, ಸೇವೆ ಅಂತ ಚರ್ಚಿನಿಂದ ಬೇರೆ ದೇಶಕ್ಕೆ ಹೋಗುವ ಮಿಷನ್ ಟ್ರಿಪ್‌ಗೆ ಇನ್ನೂ ಮೂರು ವಾರ ಇದೆ, ಆದರೆ ಯೂತ್ ಗ್ರೂಪಿನ ಮಕ್ಕಳಿಗೆ ತಡೆಯೋಕೆ ಆಗ್ತಿಲ್ಲ. ಒಬ್ಬಳ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಬಲೂನು, ಸ್ಟಿಕ್ಕರ್, ಕೈಗೊಂಬೆ.

"ಇದೆಲ್ಲ ಯಾರಿಗಮ್ಮ?"

"ಅಲ್ಲಿನ ಮಕ್ಕಳಿಗೆ, ಅಕ್ಕ."

"ಅವರು ಕೇಳಿದ್ರಾ?"

ಪಾಪ, ಮುಖ ಸಣ್ಣದಾಯಿತು. ಅವಳನ್ನು ಬೈಯಲಿಲ್ಲ ನಾನು. ಆ ಪ್ರಶ್ನೆ ನನ್ನನ್ನೇ ನಾನು ಕೇಳಿಕೊಂಡಿದ್ದು ಎರಡು ವರ್ಷದ ಹಿಂದೆ, ಅದೂ ವಾಪಸ್ ಬಂದಮೇಲೆ.

ಆ ಮೊದಲ ಟ್ರಿಪ್ಪಿನ ಕಥೆ ಹೇಳ್ತೀನಿ. ನಾಲ್ಕು ತಿಂಗಳು ತಯಾರಿ ಮಾಡಿದ್ದೆವು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಮೂರು ಸ್ಕಿಟ್, ಆರು ಆಕ್ಷನ್ ಸಾಂಗ್, ಮೂರು ದಿನದ ವಿಬಿಎಸ್, ಅಂದ್ರೆ ಮಕ್ಕಳಿಗೆ ರಜೆಯಲ್ಲಿ ನಡೆಸುವ ಬೈಬಲ್ ಶಾಲೆ. ಹೋದ ಊರು ದೊಡ್ಡದೊಂದು ಕೆರೆಯ ದಡದಲ್ಲಿ, ಮೀನು ಹಿಡಿಯುವವರ ಊರು. ವಿಬಿಎಸ್‌ಗೆ ಮಕ್ಕಳು ತುಂಬಿ ತುಳುಕಿದರು. ನಮಗೋ ಖುಷಿಯೋ ಖುಷಿ, ಫೋಟೋ ಮೇಲೆ ಫೋಟೋ. ಕೊನೆಯ ದಿನ ಅಲ್ಲಿನ ಪಾಸ್ಟರಮ್ಮನ ಜೊತೆ ಪಾತ್ರೆ ಒರೆಸುತ್ತಾ ನಿಂತಿದ್ದಾಗ ಸುಮ್ನೆ ಕೇಳಿದೆ, "ಇಷ್ಟು ಮಕ್ಕಳಿಗೆ ಈಗ ರಜೆನಾ?" ಅವರು ನಕ್ಕು ಹೇಳಿದರು, "ಇಲ್ಲಮ್ಮ, ನೀವು ಬರ್ತೀರಂತ ಪರೀಕ್ಷೆ ಮುಂದಕ್ಕೆ ಹಾಕಿಸಿದ್ವಿ." ನಾವು ಹತ್ತು ರಾತ್ರಿ ಮಲಗಿದ್ದು ಅವರ ಕೋಣೆಯಲ್ಲಿ. ಅವರು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅಡುಗೆಮನೆಯಲ್ಲಿ ಮಲಗ್ತಿದ್ದರು ಅನ್ನೋದು ಕೂಡ ಗೊತ್ತಾಗಿದ್ದು ಅವತ್ತೇ. ಸೇವೆ ಮಾಡೋಕೆ ಹೋದವರು ನಾವು. ಮಾಡಿದ್ದು ಯಾರು?

ಆ ಟ್ರಿಪ್ಪಿನಲ್ಲಿ ನಿಜವಾಗಿ ನಡೆದದ್ದು ಒಂದೇ ಒಂದು ಘಟನೆ ಅಂತ ನನಗೆ ಈಗಲೂ ಅನಿಸುತ್ತೆ. ಯೇಸುಸ್ವಾಮಿ ಬಿರುಗಾಳಿ ನಿಲ್ಲಿಸಿದ ಸ್ಕಿಟ್ ಮಾಡುತ್ತಿದ್ದೆವು. ನೀಲಿ ಬೆಡ್‌ಶೀಟೇ ಸಮುದ್ರ. ನಾಲ್ಕು ಹುಡುಗರು ಶಿಷ್ಯರು. ಎಲ್ಲರೂ ದೋಣಿಯಲ್ಲಿ ಎದ್ದು ನಿಂತು "ಮುಳುಗಿಹೋಗ್ತೀವಿ ಗುರುವೇ" ಅಂತ ಕಿರುಚೋದು. ಒಬ್ಬ ಹುಡುಗ ಕೋಲನ್ನು ಪೊರಕೆ ಹಿಡಿದ ಹಾಗೆ ಹಿಡಿದು ಹುಟ್ಟು ಹಾಕುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕರಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ಬೆಡ್‌ಶೀಟ್ ದಾಟಿ, ಅವನ ಒಂದು ಕೈಯನ್ನು ಕೋಲಿನ ತುದಿಗೆ, ಇನ್ನೊಂದನ್ನು ಕೆಳಕ್ಕೆ ಇಟ್ಟರು. ಆಮೇಲೆ ನಾಲ್ವರ ಭುಜವನ್ನೂ ಒತ್ತಿ ಕೂರಿಸಿದರು. ಗಾಳಿ ಎದ್ದಾಗ ನಿಂತರೆ ದೋಣಿ ಮಗುಚಿಕೊಳ್ಳುತ್ತೆ ಅಂತ ಕೈಯಲ್ಲೇ ತೋರಿಸಿದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು, ನಾವೂ ನಕ್ಕೆವು. 'ಆತನು ಎದ್ದು ಗಾಳಿಯನ್ನು ಗದರಿಸಿದನು' ಅಂತ ಎಷ್ಟು ಸಲ ಓದಿದ್ದೆನೋ ಏನೋ. ಅಂಥ ಗಾಳಿಯಲ್ಲಿ ದೋಣಿಯೊಳಗೆ ಏಳೋದು ಅಂದ್ರೆ ಏನು ಅಂತ ನನಗೆ ತಿಳಿದದ್ದು ಆ ಮುದುಕರಿಂದ.

ಅದಕ್ಕೇ ಈ ಸಲದ ತಯಾರಿಯನ್ನು ತಲೆಕೆಳಗು ಮಾಡಿದ್ದೇನೆ. ಕೆಲವು ಅಪ್ಪ ಅಮ್ಮಂದಿರಿಗೆ ಸಿಟ್ಟು ಬಂದಿದೆ, ಗೊತ್ತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದಲನೆಯದು, ಆಯ್ಕೆ. ಸ್ಟೇಜ್ ಮೇಲೆ ಚೆನ್ನಾಗಿ ಹಾಡುವವರನ್ನು, ದೇವರು ತಮಗೆ ಏನು ಮಾಡಿದ ಅಂತ ಗಟ್ಟಿಯಾಗಿ ಸಾಕ್ಷಿ ಹೇಳುವವರನ್ನು ಮೊದಲು ಆರಿಸಲಿಲ್ಲ. ನಮ್ಮ ಗುಂಪಿನಲ್ಲಿ ಪ್ರತಿ ತಿಂಗಳೂ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಂಡು ಬರುವ ಕೆಲಸ ಒಂದಿದೆ. ಯಾರಿಗೂ ಬೇಡದ ಕೆಲಸ ಅದು. ಅಲ್ಲಿ ಒಬ್ಬ ಹುಡುಗ ಒಂದೇ ಅಜ್ಜಿಯಿಂದ ಒಂದೇ ಕಥೆಯನ್ನು ನಾಲ್ಕು ಸಲ ಕೇಳಿದ್ದಾನೆ, ನಾಲ್ಕನೇ ಸಲವೂ "ಆಮೇಲೇನಾಯ್ತು ಅಜ್ಜಿ?" ಅಂದಿದ್ದಾನೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವನದ್ದು. ಯೂತ್ ಗ್ರೂಪ್ ಅಂದ್ರೆ ಗಿಟಾರು, ಆಟ, ಕ್ಯಾಂಪು ಅಂತ ನಗುವವರಿಗೂ ಇದೇ ನನ್ನ ಉತ್ತರ. ಆಟ ಇರಲಿ ಬಿಡಿ, ಆಟ ಇಲ್ಲದಿದ್ದರೆ ಹದಿನೈದು ವರ್ಷದ ಹುಡುಗ ಯಾಕೆ ಬರ್ತಾನೆ? ಬಂದಮೇಲೆ ಅವನು ಎಲ್ಲಿ ಕೂತು ಏನು ಕೇಳಿಸಿಕೊಳ್ತಾನೆ ಅನ್ನೋದು ಮುಖ್ಯ.

ದುಡ್ಡಿನ ವಿಷಯ. ಈ ಸಲವೂ ಕಾರು ತೊಳೆದಿದ್ದೇವೆ, ಹಳೇ ಪುಸ್ತಕ ಮಾರಿದ್ದೇವೆ. "ಆ ಟಿಕೆಟ್ ದುಡ್ಡನ್ನೇ ಅಲ್ಲಿಗೆ ಕಳಿಸಿದ್ರೆ ಜಾಸ್ತಿ ಉಪಯೋಗ ಅಲ್ವಾ?" ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಹಾಯವೇ ಗುರಿಯಾಗಿದ್ದರೆ ಹೌದು, ದುಡ್ಡು ಕಳಿಸೋದೇ ಸರಿ. ಅದಕ್ಕೇ ಈ ಸಲ ಮನವಿ ಪತ್ರದಲ್ಲಿ 'ಬಡವರಿಗೆ ಸಹಾಯ ಮಾಡಲು' ಅನ್ನುವ ಸಾಲನ್ನೇ ತೆಗೆಸಿ, 'ಅಲ್ಲಿಯ ಸಭೆಯವರಿಂದ ಕಲಿಯಲು' ಅಂತ ಬರೆಸಿದೆ. ಕಾಣಿಕೆ ಸ್ವಲ್ಪ ಕಡಿಮೆ ಬಂತು. ಬರಲಿ. ಇಲ್ಲದ ಕಾರಣ ಹೇಳಿ ದುಡ್ಡು ಎತ್ತೋದು ಬೇಡ.

ಈ ಮಾತನ್ನು ನನಗಿಂತ ಬಹಳ ಖಾರವಾಗಿ ಹೇಳಿದವರು ಇವಾನ್ ಇಲಿಚ್. ಕ್ಯಾಥೊಲಿಕ್ ಪಾದ್ರಿ. 1968ರಲ್ಲಿ, ಬೇಸಿಗೆ ಸೇವೆಗೆ ಅಂತ ಮೆಕ್ಸಿಕೋಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ ನಿಂತು, ನೋಡೋಕೆ ಬನ್ನಿ, ಕಲಿಯೋಕೆ ಬನ್ನಿ, ಸಹಾಯ ಮಾಡೋಕೆ ಮಾತ್ರ ಬರಬೇಡಿ ಅಂದುಬಿಟ್ಟರು. ಅವರ ಎಲ್ಲ ಮಾತನ್ನೂ ನಾನು ಒಪ್ಪಲ್ಲ, ಇದನ್ನು ಒಪ್ತೀನಿ.

ಕಾಗದಪತ್ರದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳು ಅವಧಿ ಇರಬೇಕು ಅಂತ ಎಷ್ಟೋ ದೇಶಗಳು ಕೇಳುತ್ತವೆ. ನಮ್ಮಲ್ಲಿ ಇಬ್ಬರದ್ದು ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು, ಆಗಲೇ ಸರ್ಟಿಫಿಕೇಟ್ ಚಾಲ್ತಿಗೆ ಬರೋದು. 2016ರಿಂದ ಅದು ಜೀವನಪೂರ್ತಿ ಊರ್ಜಿತ, ಹಾಗಾಗಿ ಹಳೇ ಕಾರ್ಡ್ ಇದ್ದವರು ಬಿಸಾಕಬೇಡಿ. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಕೆಲವು ಮಾತ್ರೆಗಳನ್ನು ವಾಪಸ್ ಬಂದಮೇಲೂ 4 ವಾರ ನುಂಗಬೇಕು, ಮಕ್ಕಳು ಮನೆಗೆ ಬಂದ ಮಾರನೇ ದಿನವೇ ಮರೆತುಬಿಡ್ತಾರೆ. ವೀಸಾ ಒಂದು ಮಾತ್ರ ಒತ್ತಿ ಹೇಳ್ತೀನಿ. ಪ್ರವಾಸಿ ವೀಸಾದಲ್ಲಿ ಹೋಗಿ ಪ್ರಸಂಗ ಮಾಡೋದು, ಅಂದ್ರೆ ಧರ್ಮಬೋಧನೆ ಮಾಡೋದು, ಕೆಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ. "ದೇವರ ಕೆಲಸ ಅಲ್ವಾ, ನಡೆಯುತ್ತೆ" ಅನ್ನುವವರು ನಮ್ಮಲ್ಲೂ ಇದ್ದಾರೆ. ಸುಳ್ಳು ಹೇಳಿ ಬಾಗಿಲು ದಾಟಿದವರು ಒಳಗೆ ಹೋಗಿ ಯಾವ ಸತ್ಯ ಸಾರ್ತಾರೆ?

ಅನಾಥಾಶ್ರಮಕ್ಕೂ ಈ ಸಲ ಹೋಗುತ್ತಿಲ್ಲ. ಇದಕ್ಕೇ ಎಲ್ಲರಿಗಿಂತ ಜಾಸ್ತಿ ಬೇಸರ. ಮಕ್ಕಳನ್ನು ಎತ್ತಿಕೊಂಡ ಫೋಟೋ ಇಲ್ಲದಿದ್ದರೆ ಮಿಷನ್ ಟ್ರಿಪ್ಪೇ ಅಲ್ಲ ಅನ್ನೋ ಹಾಗಾಗಿದೆ. ಆದರೆ ಪ್ರಪಂಚದಲ್ಲಿ ಅನಾಥಾಶ್ರಮದಲ್ಲಿರುವ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಬರುವ ವಿದೇಶಿಯರ ಕಾಣಿಕೆಗೋಸ್ಕರವೇ ಮಕ್ಕಳನ್ನು ತಂದು ತುಂಬಿಸುವ ಜಾಗಗಳೂ ಇವೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ತಡೆಯುವ ಕಾನೂನು ತಂದಾಗ ಇದನ್ನೂ ಗುಲಾಮಗಿರಿಯ ಒಂದು ರೂಪ ಅಂತಲೇ ಗುರುತಿಸಿತು. ಹೋಗಲಿ, ಆಶ್ರಮ ಒಳ್ಳೆಯದೇ ಇರಬಹುದು. ಎರಡು ಗಂಟೆ ಮುದ್ದಾಡಿ, ಕೈ ಬೀಸಿ ಬಸ್ ಹತ್ತುವ ಅಕ್ಕ ಅಣ್ಣಂದಿರು ವರ್ಷಕ್ಕೆ ಎಷ್ಟು ಗುಂಪು ಬರ್ತಾರೋ! ಆ ಮಗು ಎಷ್ಟು ಸಲ ಬಾಗಿಲಲ್ಲಿ ನಿಂತು ನೋಡಬೇಕು?

ಹಾಗಾದರೆ ಶನಿವಾರ ಶನಿವಾರ ನಾವು ಮಾಡ್ತಿರೋದೇನು? ಭಾಷೆ ಕಲೀತಿದ್ದೇವೆ. ಸ್ಕಿಟ್ ಪ್ರಾಕ್ಟೀಸಿನ ಸಮಯವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ನಿಮ್ಮ ಹೆಸರೇನು, ಚೆನ್ನಾಗಿದ್ದೀರಾ, ಇದಕ್ಕೆ ಏನಂತೀರಿ, ನಾನು ಮಾಡ್ಲಾ, ತಪ್ಪಾಯ್ತು. ಐವತ್ತು ವಾಕ್ಯ ಬಾಯಿಗೆ ಬರಬೇಕು. "ಅಲ್ಲಿ ಇಂಗ್ಲಿಷ್ ನಡೆಯುತ್ತೆ ಅಕ್ಕ" ಅಂತ ಗೊಣಗಿದವನಿಗೆ ಕಿಟೆಲ್ ಕಥೆ ಹೇಳಿದೆ. ಇಪ್ಪತ್ತೊಂದು ವರ್ಷದ ಹುಡುಗ 1853ರಲ್ಲಿ ಸುವಾರ್ತೆ ಸಾರೋಕೆ ಅಂತ ಜರ್ಮನಿಯಿಂದ ಬಂದ. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಲವತ್ತೊಂದು ವರ್ಷ! ಅವರ ಪ್ರಸಂಗಗಳು ಇವತ್ತು ಯಾರಿಗೂ ನೆನಪಿಲ್ಲ, ನಿಘಂಟು ಮಾತ್ರ ಚರ್ಚಿಗೆ ಕಾಲಿಡದವರ ಮೇಜಿನ ಮೇಲೂ ಇದೆ. ಅಮೆರಿಕದ ಮಿಷನರಿಗಳಾದ ಜಡ್ಸನ್ ದಂಪತಿ ಬರ್ಮಾ ಮುಟ್ಟಿದ್ದು 1813ರಲ್ಲಿ, ಅಲ್ಲಿನ ಮೊದಲ ವ್ಯಕ್ತಿ ದೀಕ್ಷಾಸ್ನಾನ ತೆಗೆದುಕೊಂಡಿದ್ದು 1819ರಲ್ಲಿ. ನಾವು ಹನ್ನೆರಡು ದಿನ ಹೋಗಿ ಬಂದು 'ಯೇಸುವನ್ನು ನಂಬ್ತೀವಿ ಅಂತ ಇಷ್ಟು ಜನ ಕೈ ಎತ್ತಿದರು' ಅಂತ ರಿಪೋರ್ಟ್ ಓದ್ತೀವಿ.

ಬೈಬಲ್ ಸ್ಟಡಿಗೆ ತೆಗೆದುಕೊಂಡಿರೋದು ಲೂಕನ ಸುವಾರ್ತೆಯ 10ನೇ ಅಧ್ಯಾಯ. ಯೇಸುಸ್ವಾಮಿ ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರಾಗಿ ಕಳಿಸುವ ಭಾಗ. ಹಣದ ಚೀಲ ಬೇಡ, ಜೋಳಿಗೆ ಬೇಡ, ಕೆರ ಬೇಡ. ಒಂದೇ ಮನೆಯಲ್ಲಿರಿ, ಮನೆಯಿಂದ ಮನೆಗೆ ಓಡಾಡಬೇಡಿ, ಬಡಿಸಿದ್ದನ್ನು ತಿನ್ನಿ. ಚಿಕ್ಕಂದಿನಿಂದ ಓದಿದ ಭಾಗವೇ. ಆದರೆ ಇದು ಕೊಡೋಕೆ ಹೋಗುವವರಿಗೆ ಹೇಳಿದ ಮಾತಲ್ಲ, ಕೈ ಚಾಚಬೇಕಾದವರಿಗೆ ಹೇಳಿದ್ದು ಅಂತ ಈ ವರ್ಷ ಹೊಳೆಯಿತು. ಬರಿಗೈಯಲ್ಲಿ ಹೋದವನು ಆ ಮನೆಯವರನ್ನೇ ನೆಚ್ಚಿಕೊಳ್ಳಬೇಕು, ಬೇರೆ ದಾರಿಯೇ ಇಲ್ಲ. ನೆಂಟನಾಗಿ ಇರೋದನ್ನು ಕಲಿಯಲೇಬೇಕು. ಅದೂ ಕರೆದರೆ ಮಾತ್ರ ಹೋಗುವ ನೆಂಟ. ಕರೆಯದೆ ಬರುವವನಿಗೆ ಏನು ಮಾಡಬೇಕು ಅಂತ ಕನ್ನಡದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಈ ಸಲ ಮೊದಲೇ ಪಾಸ್ಟರಮ್ಮನಿಗೆ ಫೋನ್ ಮಾಡಿದೆ. ಮಕ್ಕಳಿಗೆ ಶಾಲೆ ಇಲ್ಲದ ವಾರ ಯಾವುದು, ನಾವು ನೆಲದ ಮೇಲೆ ಮಲಗಬಹುದಾ, ಏನಾದರೂ ತರಬೇಕಾ ಅಂತ ಕೇಳಿದೆ. ವಾರ ಹೇಳಿದರು. ಮಲಗೋ ವಿಷಯಕ್ಕೆ ಬೈದರು. ಏನು ತರಬೇಕು ಅನ್ನೋದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, "ಆ ತಾತ ಕೇಳ್ತಾ ಇದ್ರು, ಹುಟ್ಟು ಹಿಡಿಯೋಕೆ ಬರದ ಹುಡುಗ ಬರ್ತಾನಾ ಅಂತ. ಈ ಸಲ ಕೆರೆಗೇ ಕರ್ಕೊಂಡು ಹೋಗ್ತಾರಂತೆ" ಅಂದರು.

ಬರ್ತಾನೆ. ಅಜ್ಜಿ ಕಥೆ ನಾಲ್ಕು ಸಲ ಕೇಳಿದವನೂ ಅವನೇ. ಶನಿವಾರ ಅವನ ಸೂಟ್‌ಕೇಸ್ 11 ಕಿಲೋ ಇತ್ತು.