ಎಫ್‌1 ಒತ್ತಿ, ಮುಂದೆ ಹೋಗಿ

ನಮ್ಮನೆಯ ಹಳೇ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಆದರೆ ಅದಿರುವುದು ತೂಕಕ್ಕೆ ಮಾತ್ರ. ಪ್ಲಗ್ಗಿನಲ್ಲಿದ್ದರೆ ಜೀವ, ಕಿತ್ತರೆ ಮುಗೀತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೀಳ್ಕೊಡುಗೆ ಆಯ್ತು. 11 ಹಾಕೋಣ ಅಂದರೆ ಅದಕ್ಕೆ ಕಮ್ಮಿ ಅಂದರೂ 4 ಜಿಬಿ ರ‍್ಯಾಮ್ ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಚಿಪ್ ಬೇಕು. ನಮ್ಮದರಲ್ಲಿ ಇರುವುದು 2 ಜಿಬಿ. ಚಿಪ್ಸ್ ಬೇಕಾದರೆ ಕೀಬೋರ್ಡ್ ಸಂದಿಯಲ್ಲಿ ಸಿಕ್ಕೀತು. ಹಾಗಾಗಿ, 2 ಜಿಬಿಯಲ್ಲೂ ನಡೆಯುತ್ತೆ ಅಂತ ಓದಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕೋಕೆ ಕೂತೆ.

ಪೆನ್‌ಡ್ರೈವ್ ರೆಡಿ ಮಾಡಿದೆ. ಬಯಾಸ್‌ಗೆ, ಅಂದರೆ ವಿಂಡೋಸ್ ಏಳುವ ಮುಂಚೆ ಸಿಗೋ ಸೆಟ್ಟಿಂಗಿಗೆ, ಹೋಗಿ, ಮೊದಲು ಪೆನ್‌ಡ್ರೈವ್ ನೋಡು ಅಂತ ಹೇಳಿ, ಸೇವ್ ಮಾಡಿ, ಪ್ಲಗ್ ಕಿತ್ತು ಊಟಕ್ಕೆ ಹೋದೆ. ಬಂದು ನೋಡಿದರೆ ಅದಕ್ಕೆ ಏನೂ ನೆನಪಿಲ್ಲ, ಮತ್ತೆ ಹಳೇ ವಿಂಡೋಸೇ ಬಂತು. ಪೆನ್‌ಡ್ರೈವ್ ಸರಿಯಿಲ್ಲ ಅಂದುಕೊಂಡು ಬೇರೆಯದು ತಂದೆ. ಸಂಜೆಗೆ ಅದನ್ನೂ ಮರೆತಿತ್ತು. ಮೂರನೆಯದನ್ನು ಪಕ್ಕದ ಮನೆ ಹುಡುಗನಿಂದ ಕಡ ತಂದೆ, ಅದರಲ್ಲಿದ್ದ ಅವನ ಪ್ರಾಜೆಕ್ಟ್ ಅಳಿಸಿ ಹಾಕಿದ್ದು ಬೇರೆ ಕಥೆ, ಅದು ಇಲ್ಲಿ ಬೇಡ.

ಮರುದಿನ ಹೇಗೋ ಶುರುವಾಯ್ತು. ಅರ್ಧಕ್ಕಿಂತ ಜಾಸ್ತಿ ಆಗಿತ್ತು, ನಾನು ಕಾಫಿಗೆ ಎದ್ದೆ. ಅಮ್ಮ ಚಟ್ನಿ ರುಬ್ಬೋಕೆ ಮಿಕ್ಸಿ ಹಿಡಿದು ಬಂದಳು.

"ಇದು ಸುಮ್ನೆ ಉರೀತಾ ಇತ್ತು, ತೆಗೆದೆ" ಅಂದಳು.

ಈಗ ಹಳೇ ವಿಂಡೋಸೂ ಇಲ್ಲ, ಹೊಸ ಮಿಂಟೂ ಇಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಗೀಟು. ಹಿಂದಿನಿಂದ ಕಾಯಿಚಟ್ನಿ ವಾಸನೆ.

ನಾನು ಮತ್ತೆ ಆನ್ ಮಾಡಿದೆ, ಎಂದಿನಂತೆ ಎಫ್‌1 ಒತ್ತಿದೆ. ಅಪ್ಪ ಪೇಪರ್ ಮಡಚಿ ಪಕ್ಕಕ್ಕೆ ಬಂದರು.

"ಏನೋ ಅದು ಬರೆದಿತ್ತಲ್ಲ, ಯಾಕೆ ಓಡಿಸಿದೆ?"

"ಅದು ದಿನಾ ಬರುತ್ತೆ ಅಪ್ಪ. ಎಫ್‌1 ಒತ್ತಿದ್ರೆ ಹೋಗುತ್ತೆ."

"ದಿನಾ ಬರ್ತಾ ಇದೆ ಅಂದ್ರೆ ಏನೋ ಹೇಳ್ತಾ ಇದೆ ಕಣೋ."

ರಸ್ತೆಯಲ್ಲಿ ಸಿಕ್ಕವರಿಗೆ "ಊಟ ಆಯ್ತಾ" ಅಂದು ಉತ್ತರ ಕೇಳದೆ ದಾಟಿಬಿಡ್ತೀವಲ್ಲ, ನಾನು ಎಷ್ಟೋ ವರ್ಷದಿಂದ ಆ ಸಾಲಿನ ಜೊತೆ ಹಾಗೇ ನಡೆದುಕೊಂಡಿದ್ದೆ. ಆಫ್ ಮಾಡಿ, ಆನ್ ಮಾಡಿ, ಈ ಸಲ ಓದಿದೆ. ಸಿಮಾಸ್ ಬ್ಯಾಟರಿ ಸತ್ತಿದೆ, ತಾರೀಖು ಸರಿಮಾಡಿ ಅಂತಿತ್ತು. ಮೇಲೆ ದಿನಾಂಕ: 2009, ಜನವರಿ 1. ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ, ಪ್ಲಗ್ ಕಿತ್ತಾಗಲೂ ಗಡಿಯಾರ, ಬಯಾಸ್ ಸೆಟ್ಟಿಂಗು ಉಳಿಯೋದು ಅದರಿಂದ. ಪೆನ್‌ಡ್ರೈವುಗಳದು ಏನೂ ತಪ್ಪಿರಲಿಲ್ಲ.

ಹಿಂದಿನ ಮುಚ್ಚಳ ಬಿಚ್ಚಿದೆ. ಧೂಳಿನ ನಡುವೆ ಹೊಳೆಯುವ ಬಿಲ್ಲೆ, ಮೇಲೆ ಸಿಆರ್2032, 3 ವೋಲ್ಟ್. ಅದನ್ನು ಜೇಬಿಗೆ ಹಾಕಿಕೊಂಡು ವಾಚ್ ರಿಪೇರಿ ಅಂಗಡಿಗೆ ಹೋದೆ.

"ವಾಚ್ ಎಲ್ಲಿ ಸಾರ್?"

"ವಾಚ್ ಅಲ್ಲ, ಲ್ಯಾಪ್‌ಟಾಪು."

ಅವರು ಕಣ್ಣಿನಿಂದ ಭೂತಗನ್ನಡಿ ತೆಗೆದು ನನ್ನನ್ನೊಮ್ಮೆ ನೋಡಿ, ನಲವತ್ತು ರೂಪಾಯಿ ತಗೊಂಡರು.

ರಾತ್ರಿ ಹತ್ತಕ್ಕೆ ಮಿಂಟ್ ಕೂತಿತು. ಪ್ಲಗ್ಗಿನ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದೆ. ಬೆಳಿಗ್ಗೆ ನೋಡಿದರೆ ಚೀಟಿ ಇತ್ತು, ಪ್ಲಗ್ ಇರಲಿಲ್ಲ, ಅಲ್ಲಿ ಮಿಕ್ಸಿ ಇತ್ತು.

"ಚೀಟಿ ಓದಲಿಲ್ವಾ ಅಮ್ಮ?"

"ದಿನಾ ಏನಾದ್ರೂ ಅಂಟಿಸ್ತೀಯ, ಎಲ್ಲಾ ಯಾರು ಓದ್ತಾರೆ" ಅಂದಳು.