ಗಲ್ಲಾಪೆಟ್ಟಿಗೆಯ ಐದು ಭಾಷೆ

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಮೈಸೂರು ಕಡೆಯ ಬೀಗರೊಬ್ಬರು ಹೋಳಿಗೆ ಮುರಿಯುತ್ತಾ ಕೇಳಿದರು: "ಮನೇಲಿ ತುಳು, ಬರೆಯೋದು ಕನ್ನಡ, ಆಫೀಸಲ್ಲಿ ಇಂಗ್ಲಿಷು. ಅದ್ಸರಿ, ನೀವು ಯೋಚನೆ ಮಾಡೋದು ಯಾವ ಭಾಷೇಲಿ ಸ್ವಾಮಿ?"

ದಕ್ಷಿಣ ಕನ್ನಡದವರು ಒಬ್ಬರನ್ನೊಬ್ಬರು ಈ ಪ್ರಶ್ನೆ ಕೇಳುವುದಿಲ್ಲ. ಘಟ್ಟದ ಮೇಲಿನವರೇ ಕೇಳಬೇಕು. ಅದೂ ಬಾಯಲ್ಲಿ ಹೋಳಿಗೆ ಇರುವಾಗ. ಏನಾದರೂ ಹೇಳಬೇಕಲ್ಲ ಅಂತ ತಲೆಯೊಳಗೆ ಇಣುಕಿ ನೋಡಿದೆ. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಷ್ಟರಲ್ಲಿ ಪಾಯಸ ಬಂತು, ಬಚಾವಾದೆ. ಆದರೆ ಆವತ್ತಿನಿಂದ ಕಾಟ ಶುರುವಾಯಿತು. ಏನೇ ಹೊಳೆದರೂ ಅದು ತುಳುವೋ ಕನ್ನಡವೋ ಅಂತ ಹಿಂದೆಯೇ ಒಬ್ಬ ಪೊಲೀಸ್ ಬರುತ್ತಾನೆ. ಯೋಚನೆ ಅಲ್ಲಿಗೆ ಮುಗಿಯಿತು.

ಯೋಚನೆಯ ಭಾಷೆ ತಿಳಿಯದಿದ್ದರೆ ಎಣಿಸುವ ಭಾಷೆ ನೋಡು, ಅದೇ ಒಳಗಿನ ಭಾಷೆ ಅನ್ನುವವರಿದ್ದಾರೆ. ಇರಬಹುದು. ಎಣಿಸುವುದನ್ನು ನೋಡಬೇಕಾದರೆ ನಮ್ಮ ಪುತ್ತೂರು ಕಡೆಯ ಅಡಿಕೆ ಅಂಗಡಿಯೇ ಆಗಬೇಕು.

ನಾನು ಅಡಿಕೆ ಕೊಡುವ ಅಂಗಡಿಯ ಧನಿಗಳ ಮನೆಮಾತು ಕೊಂಕಣಿ. ಗೋಣಿ ಬಿಚ್ಚಿ ಸುರಿದ ಕೂಡಲೇ ಎರಡು ಹಿಡಿ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಕೈಗೆತ್ತಿಕೊಳ್ಳುತ್ತಾರೆ. ಒಂದನ್ನು ಕತ್ತರಿಸಿ ಒಳಗೆ ನೋಡುತ್ತಾರೆ. ಈ ಹೊತ್ತಿನಲ್ಲೆಲ್ಲ ತುಳು. ಮಳೆ ಹೇಗೆ, ಕೊಳೆರೋಗ ಬಂತಾ, ಮಗಳ ಪರೀಕ್ಷೆ ಮುಗಿಯಿತಾ ಎಲ್ಲ ವಿಚಾರಿಸುತ್ತಾರೆ. ತುಳುವಿನಲ್ಲಿ ಅವರಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ. ಪಟೋರ, ಉಳ್ಳಿ, ಕಡಿಮೆ ಬೆಲೆಗೆ ಹೋಗುವ ಹಾಳು ಅಡಿಕೆಯಾದ ಕೋಕ ಅಂತ ಬೇರೆ ಬೇರೆ ಮಾಡುತ್ತಾ, ಒಳ್ಳೆಯ ಅಡಿಕೆಯ ರಾಶಿಯಿಂದ ನಿಧಾನವಾಗಿ ನಾಲ್ಕು ಎತ್ತಿ ಕೋಕದ ಕಡೆಗೆ ಸರಿಸುತ್ತಾರೆ. ನಾನು ಆಕ್ಷೇಪ ಎತ್ತಿದರೆ ಕನ್ನಡ ಶುರು. "ಇಲ್ಲ, ಆಗುವುದಿಲ್ಲ. ಮಾರುಕಟ್ಟೆಯ ಪರಿಸ್ಥಿತಿ ನಿಮಗೂ ಗೊತ್ತಿದೆ." ಅದೇ ಮುಖ, ಅದೇ ನಗು. ಆದರೆ ಈಗ ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಂತಂತೆ ಆಗುತ್ತದೆ. ಕನ್ನಡವನ್ನು ಇಲ್ಲ ಅನ್ನುವುದಕ್ಕೆಂದೇ ಇಟ್ಟುಕೊಂಡವರ ಮೇಲೆ ನನಗೆ ಸಿಟ್ಟಿದೆ.

ಆಮೇಲೆ ನೋಟು ಎಣಿಸುತ್ತಾರೆ. ಏಕ, ದೋನ, ತೀನ ಅಂತ ತುಟಿಯೊಳಗೇ. ನಡುವೆ ಕಾಸರಗೋಡಿನಿಂದ ಫೋನ್ ಬರುತ್ತದೆ. ಸಪ್ತಭಾಷಾ ಸಂಗಮ ಅನ್ನಿಸಿಕೊಂಡ ಊರು, ಆದರೆ ಫೋನಿನಲ್ಲಿ ಬರುವುದು ಬರೀ ಮಲಯಾಳ. ಹೆಬ್ಬೆರಳು ನೋಟಿನ ಮೇಲೆ ನಿಲ್ಲುತ್ತದೆ. ಮಾತು ಮುಗಿಯುತ್ತದೆ. ಹೆಬ್ಬೆರಳು ಮುಂದಕ್ಕೆ ಹೋಗುತ್ತದೆ. ಲೋಡು ಎಲ್ಲಿ ಇಳಿಸಬೇಕು ಅಂತ ಪಿಕಪ್ ಡ್ರೈವರ್ ಬಾಗಿಲಿನಿಂದ ಕೇಳುತ್ತಾನೆ. ಅವನಿಗೆ ಬ್ಯಾರಿ ಭಾಷೆಯಲ್ಲಿ ಉತ್ತರ. ಹೆಬ್ಬೆರಳು ನಿಂತು, ಮತ್ತೆ ಹೊರಡುತ್ತದೆ. ಎದುರು ಕೂತು ಮನಸ್ಸಿನಲ್ಲೇ ಎಣಿಸುತ್ತಿದ್ದ ನನಗೆ ಮೂವತ್ತರ ಆಚೆ ಎಲ್ಲಿದ್ದೇನೆಂದೇ ಗೊತ್ತಿಲ್ಲ.

ಇದರ ಬಗ್ಗೆ ಪಂಡಿತರು ಏನಂತಾರೆ ಅಂತ ಓದಿದೆ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ಸದಾ ಎಚ್ಚರವಾಗಿಯೇ ಇರುತ್ತವಂತೆ. ಒಂದನ್ನು ಆಡಬೇಕಾದರೆ ಇನ್ನೊಂದನ್ನು ಅದುಮಿ ಹಿಡಿಯಬೇಕು. 1999ರಲ್ಲಿ ಮ್ಯೂಟರ್ ಮತ್ತು ಆಲ್‌ಪೋರ್ಟ್ ಎಂಬಿಬ್ಬರು ಪರದೆಯ ಮೇಲೆ ಅಂಕಿ ತೋರಿಸಿ, ಹಿಂದಿನ ಬಣ್ಣ ಬದಲಾದಂತೆ ಬೇರೆ ಬೇರೆ ಭಾಷೆಯಲ್ಲಿ ಓದಿಸಿದರು. ಭಾಷೆ ಬದಲಿಸಿದಾಗೆಲ್ಲ ತಡವಾಯಿತು. ತಮಾಷೆಯೆಂದರೆ, ಚೆನ್ನಾಗಿ ಬರುವ ಭಾಷೆಗೆ ಮರಳುವಾಗಲೇ ಜಾಸ್ತಿ ತಡವಾಯಿತು. ಜೋರಿರುವುದನ್ನು ಜೋರಾಗಿಯೇ ಅದುಮಬೇಕಲ್ಲ, ಬಿಡಿಸಿಕೊಳ್ಳಲು ಅದಕ್ಕೂ ಹೊತ್ತು ಬೇಕು. ಇಂಗ್ಲಿಷ್ ಮೀಟಿಂಗ್ ಮುಗಿಸಿ ಮನೆಗೆ ಫೋನ್ ಮಾಡಿದಾಗ ಬಾಯಲ್ಲಿ ತುಳು ತಡವರಿಸುವುದು ಇದಕ್ಕೇ ಇರಬೇಕು. ಅಮ್ಮ ಅದನ್ನು ಜಂಬ ಅಂದುಕೊಂಡಿದ್ದಾರೆ.

ಹಾಗಾದರೆ ಮಲಯಾಳದಿಂದ ಕೊಂಕಣಿಗೆ ಮರಳುವಾಗ ಧನಿಗಳೂ ತಡವರಿಸಬೇಕಿತ್ತು, ಅಲ್ವಾ? ಗಡಿಯಾರ ಹಿಡಿದು ನೋಡಿದರೆ ಚೂರು ತಡ ಕಾಣುತ್ತದೋ ಏನೋ. ಆ ಅಂಗಡಿಯಲ್ಲಿ ಗಡಿಯಾರ ನೋಡಿದರೆ ಟೈಮಿಲ್ಲ ಅಂದುಕೊಂಡು ಇನ್ನೂ ಎರಡು ರೂಪಾಯಿ ಇಳಿಸುತ್ತಾರೆ.

ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ 648 ಮರೆವಿನ ರೋಗಿಗಳನ್ನು ನೋಡಿ 2013ರಲ್ಲಿ ಒಂದು ವರದಿ ಪ್ರಕಟಿಸಿತು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಗೆ ಹೋಗದವರಲ್ಲೂ ಹಾಗೆಯೇ. ಓದಿ ಖುಷಿಯಾಯಿತು. ಮುಂದಿನ ಸಾಲಿನಲ್ಲಿ, ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚಿನ ಲಾಭವೇನೂ ಇಲ್ಲ ಅಂತಿತ್ತು. ಅಂದರೆ ಧನಿಗಳ ಐದರಲ್ಲಿ ಮೂರು ಭಾಷೆ ಕೋಕ! ಇದನ್ನು ಅವರಿಗೆ ಹೇಳಿಯೇ ಬರಬೇಕು ಅಂತ ಹೋದೆ. ಪೂರ್ತಿ ಕೇಳಿಸಿಕೊಂಡರು. "ಹಾಗಾದರೆ ಮಲಯಾಳ ಬಿಟ್ಟುಬಿಡಲಾ? ಕಾಸರಗೋಡಿನ ಬಾಕಿ ನೀವು ಕೇಳಿ ತರ್ತೀರಾ?" ಅಂದರು, ತುಳುವಿನಲ್ಲಿ.

ಹೋದವನು ಹೇಗೂ ಒಂದು ಮೂಟೆ ಅಡಿಕೆ ಒಯ್ದಿದ್ದೆ. ಅದರಲ್ಲೂ ನಾಲ್ಕು ಕಿಲೋ ಕೋಕ ತೆಗೆದರು. ನಾಲ್ಕು ಕಿಲೋ! ಮನೆಯಲ್ಲಿ ನಾನೇ ಕೂತು ಆರಿಸಿದ ಅಡಿಕೆ ಅದು. ಮುಂದಿನ ಕೊಯ್ಲಿನ ಮಾಲು ಬೇರೆ ಅಂಗಡಿಗೆ.